ಮೊಬೈಲ್ ಹೇಳಿದಂತೆ ಕುಣಿಯುವ ಹಬ್ಬದ ದೀಪ: ಮನೆಯಲ್ಲೇ ಮಾಡಬಹುದೇ? ‘ಎಲ್‌ಇಡಿ ಶಾಕ್ ಹೊಡೆಯಲ್ಲ’ ಎಂಬುದು ನಿಜವೇ?

ಗಣೇಶ ಚತುರ್ಥಿ, ದೀಪಾವಳಿ ಹತ್ತಿರ ಬಂತೆಂದರೆ ಮೊಬೈಲ್ ತುಂಬ ಒಂದೇ ಬಗೆಯ ವಿಡಿಯೊಗಳು. ಹಾಡಿನ ತಾಳಕ್ಕೆ ಮನೆಯಿಡೀ ಬಣ್ಣ ಬದಲಿಸುತ್ತದೆ, ದೀಪಗಳು ಓಡುತ್ತವೆ, ಕುಣಿಯುತ್ತವೆ. ಜೊತೆಗೆ ಎರಡು ಮಾತುಗಳೂ ಬರುತ್ತವೆ. ಒಂದು, ‘ಇದಕ್ಕೆ ಎಂಜಿನಿಯರೇ ಬೇಕು, ಲಕ್ಷಗಟ್ಟಲೆ ಖರ್ಚು’. ಇನ್ನೊಂದು, ‘ಎಲ್‌ಇಡಿ ಅಂದ್ರ ಬರೇ ಮೂರು ವೋಲ್ಟ್, ಶಾಕ್ ಹೊಡಿಯೂದಿಲ್ಲ’.

ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಒಂದು ಒಳ್ಳೆಯ ಹವ್ಯಾಸ ಕೈತಪ್ಪುತ್ತದೆ, ಅಷ್ಟೇ. ಎರಡನೆಯದನ್ನು ನಂಬಿದರೆ ಜೀವಕ್ಕೇ ಅಪಾಯ. ಆದ್ದರಿಂದ ಎರಡನ್ನೂ ಬಿಡಿಸಿ ನೋಡೋಣ.

ದೀಪಕ್ಕೆ ಹೇಳಿದ್ದು ಹೇಗೆ ತಿಳಿಯುತ್ತದೆ?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೀರಿಯಲ್ ಸೆಟ್‌ನಲ್ಲಿ ಒಂದು ಸಾಲಿನ ದೀಪಗಳೆಲ್ಲ ಒಟ್ಟಿಗೇ ಹತ್ತುತ್ತವೆ, ಒಟ್ಟಿಗೇ ಆರುತ್ತವೆ. ‘ಪಿಕ್ಸೆಲ್’ ದೀಪ ಹಾಗಲ್ಲ. ಪ್ರತಿ ದೀಪಕ್ಕೂ ಕೆಂಪು, ಹಸಿರು, ನೀಲಿ ಎಂಬ ಮೂರು ಎಲ್‌ಇಡಿಗಳು ಮತ್ತು ಅವನ್ನು ನಿಯಂತ್ರಿಸುವ ಪುಟ್ಟ ಚಿಪ್ ಇರುತ್ತದೆ. ಡಬ್ಲ್ಯುಎಸ್ 2811, ಡಬ್ಲ್ಯುಎಸ್ 2812ಬಿ ಎಂಬುವು ಹೆಚ್ಚು ಬಳಕೆಯಲ್ಲಿರುವ ಬಗೆಗಳು.

ಊಟದ ಪಂಕ್ತಿಯಲ್ಲಿ ಎಲೆಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಮೊದಲು ಕುಳಿತವರು ತಮ್ಮದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕೊಡುತ್ತಾರೆ. ಪಿಕ್ಸೆಲ್ ಕೂಡ ಹೀಗೆಯೇ. ಕಂಟ್ರೋಲರ್ ಕಳಿಸಿದ ಮಾಹಿತಿಯಲ್ಲಿ ಮೊದಲ 24 ಬಿಟ್‌ಗಳನ್ನು ಮೊದಲ ದೀಪ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಮುಂದಿನ ದೀಪಕ್ಕೆ ದಾಟಿಸುತ್ತದೆ. ಪ್ರತಿ ಬಣ್ಣಕ್ಕೆ 256 ಹಂತಗಳು. ಮೂರೂ ಸೇರಿದರೆ ಸುಮಾರು 1.67 ಕೋಟಿ ಬಣ್ಣಗಳು. ಒಂದು ದೀಪಕ್ಕೆ ಮಾಹಿತಿ ಮುಟ್ಟಿಸಲು ಸೆಕೆಂಡಿನ 10 ಲಕ್ಷ ಭಾಗದಲ್ಲಿ 30 ಭಾಗ ಸಾಕು. ಅದಕ್ಕೇ ನಮ್ಮ ಕಣ್ಣಿಗೆ ಎಲ್ಲವೂ ಒಮ್ಮೆಗೇ ಬದಲಾದಂತೆ ಕಾಣುತ್ತದೆ.

ಜಾತ್ರೆ, ಮಂಟಪಗಳ ದೊಡ್ಡ ಪಿಕ್ಸೆಲ್ ಬೋರ್ಡ್‌ಗಳದ್ದೂ ಇದೇ ತತ್ವ. ಅಲ್ಲಿ ಸಾಮಾನ್ಯವಾಗಿ ಟಿ-1000ಎಸ್‌ನಂತಹ ಕಂಟ್ರೋಲರ್ ಇರುತ್ತದೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ಮೆಮೊರಿ ಕಾರ್ಡ್‌ಗೆ ಹಾಕಿದರೆ ಮುಗಿಯಿತು, ರಾತ್ರಿಯಿಡೀ ಕಂಪ್ಯೂಟರ್ ಚಾಲೂ ಇರಬೇಕಿಲ್ಲ.

ಮೊದಲ ಪ್ರಯತ್ನಕ್ಕೆ ಏನು ಬೇಕು?

ಮನೆಯ ಬಾಗಿಲಿಗೊಂದು ತೋರಣ ಅಥವಾ ಗಣಪನ ಹಿಂದೊಂದು ಚಕ್ರ ಸಾಕು. 100 ದೀಪ ಮೀರಬೇಡಿ.

• 5 ವೋಲ್ಟ್‌ನ 100 ಪಿಕ್ಸೆಲ್ ದೀಪಗಳು
• ಇಎಸ್‌ಪಿ 8266 ಅಥವಾ ಇಎಸ್‌ಪಿ 32 ವೈಫೈ ಬೋರ್ಡ್ (ಕೆಲವು ನೂರು ರೂಪಾಯಿ)
• 5 ವೋಲ್ಟ್, 10 ಆಂಪಿಯರ್‌ನ ಒಳ್ಳೆಯ ಎಸ್‌ಎಂಪಿಎಸ್
• ಫ್ಯೂಸ್, ತಕ್ಕಷ್ಟು ದಪ್ಪದ ವೈರ್, ನೀರು ಹೋಗದ ಡಬ್ಬಿ

ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿನ ಬ್ರೌಸರ್‌ನಿಂದಲೇ ಬೋರ್ಡಿಗೆ ಹಾಕಬಹುದು. ಆಮೇಲೆ ಬೋರ್ಡ್ ತನ್ನದೇ ವೈಫೈ ತೋರಿಸುತ್ತದೆ. ಮೊಬೈಲನ್ನು ಅದಕ್ಕೆ ಸೇರಿಸಿ, ಬ್ರೌಸರ್‌ನಲ್ಲಿ 4.3.2.1 ಎಂದು ಒತ್ತಿದರೆ ನಿಯಂತ್ರಣ ಪುಟ ತೆರೆಯುತ್ತದೆ. ಎಷ್ಟು ದೀಪ, ಯಾವ ಪಿನ್ ಎಂದು ನಮೂದಿಸಿ. ನೂರಕ್ಕೂ ಹೆಚ್ಚು ಸಿದ್ಧ ವಿನ್ಯಾಸಗಳು ಅಲ್ಲೇ ಇವೆ. ಒಂದು ಸಾಲು ಪ್ರೋಗ್ರಾಮ್ ಕೂಡ ಬರೆಯಬೇಕಿಲ್ಲ.

ದೀಪದ ಮೇಲೆ ಬಾಣದ ಗುರುತು ಇದ್ದರೆ ಅದೇ ಮಾಹಿತಿ ಹರಿಯುವ ದಿಕ್ಕು. ತಿರುಗಾ ಮುರುಗಾ ಜೋಡಿಸಿದರೆ ದೀಪ ಹತ್ತುವುದಿಲ್ಲ. ಬೋರ್ಡಿನ ಮತ್ತು ಎಸ್‌ಎಂಪಿಎಸ್‌ನ ಮೈನಸ್ ತಂತಿಗಳು ಒಂದಕ್ಕೊಂದು ಸೇರಿರಬೇಕು. ಇವೆರಡು ಸರಿಯಿದ್ದರೆ ಹೊಸಬರ ಅರ್ಧ ತೊಂದರೆ ಮುಗಿದಂತೆ.

ಲೆಕ್ಕ ಹಾಕದೆ ಜೋಡಿಸಬೇಡಿ

5 ವೋಲ್ಟ್‌ನ ಒಂದು ಪಿಕ್ಸೆಲ್ ಪೂರ್ತಿ ಬಿಳಿಯಾಗಿ ಬೆಳಗಿದಾಗ ಸುಮಾರು 0.06 ಆಂಪಿಯರ್ ಎಳೆಯುತ್ತದೆ. 100 ದೀಪಕ್ಕೆ 6 ಆಂಪಿಯರ್, ಅಂದರೆ 30 ವ್ಯಾಟ್. 10 ಆಂಪಿಯರ್ ಎಸ್‌ಎಂಪಿಎಸ್ ಇದನ್ನು ಬಿಸಿಯಾಗದೆ ತಾಳುತ್ತದೆ. ಮೊಬೈಲ್ ಚಾರ್ಜರಿನಿಂದ ಇದು ಆಗದು. ಡಬ್ಲ್ಯುಎಲ್‌ಇಡಿಯಲ್ಲಿ ಕರೆಂಟಿಗೆ ಮಿತಿ ಹಾಕುವ ಸೌಲಭ್ಯವಿದೆ, ಅದನ್ನು ಬಳಸಿ.

‘ಸರದ ಕೊನೆಯ ದೀಪಗಳು ಕೆಂಪಗೆ ಕಂಡರೆ ಮಾಲು ನಕಲಿ’ ಎನ್ನುವವರಿದ್ದಾರೆ. ಸಾಮಾನ್ಯವಾಗಿ ಕಾರಣ ಬೇರೆ. ತಂತಿ ಉದ್ದವಾದಂತೆ ಕೊನೆಯಲ್ಲಿ ವೋಲ್ಟೇಜ್ ಇಳಿಯುತ್ತದೆ. ನೀಲಿ, ಹಸಿರು ಎಲ್‌ಇಡಿಗಳಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ಹಾಗಾಗಿ ಮೊದಲು ನೀಲಿ ಮಂಕಾಗಿ ಬಿಳಿ ಬಣ್ಣ ಹಳದಿ, ಕೆಂಪಿನತ್ತ ವಾಲುತ್ತದೆ. ಅದೇ ಎಸ್‌ಎಂಪಿಎಸ್‌ನಿಂದ ಸರದ ಕೊನೆಗೂ ಕರೆಂಟಿನ ತಂತಿ ಎಳೆದರೆ ಸರಿಹೋಗುತ್ತದೆ.

‘ಎಲ್‌ಇಡಿ ಶಾಕ್ ಹೊಡೆಯಲ್ಲ’: ಸುಳ್ಳು

ಒಂದು ಎಲ್‌ಇಡಿಗೆ 3 ವೋಲ್ಟ್ ಸಾಕು ಎಂಬುದು ನಿಜ. ಆದರೆ ಅನೇಕ ಅಗ್ಗದ ಸೀರಿಯಲ್ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಸಾಲಾಗಿ ಜೋಡಿಸಿದ ದೀಪಗಳು ಮನೆಯ 230 ವೋಲ್ಟನ್ನು ಹಂಚಿಕೊಂಡು ಉರಿಯುತ್ತವೆ. ತಂತಿ ತುಂಡಾದ ಜಾಗವನ್ನು ಬರಿಗೈಯಲ್ಲಿ ಮುಟ್ಟಿದರೆ ಮೈಗೆ ತಗಲುವುದು 3 ವೋಲ್ಟ್ ಅಲ್ಲ, 230 ವೋಲ್ಟ್ ತಗಲಬಹುದು.

ಪಿಕ್ಸೆಲ್ ದೀಪದ ಅನುಕೂಲ ಇಲ್ಲಿದೆ. ಒಳ್ಳೆಯ ಎಸ್‌ಎಂಪಿಎಸ್‌ನಿಂದ ಹೊರಬರುವ 5 ಅಥವಾ 12 ವೋಲ್ಟ್‌ನ ತಂತಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅಪಾಯವಿರುವುದು ಎಸ್‌ಎಂಪಿಎಸ್‌ನ ಇನ್ನೊಂದು ಬದಿಯಲ್ಲಿ. ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ನಲ್ಲಿ 230 ವೋಲ್ಟ್‌ನ ಸ್ಕ್ರೂಗಳು ಕೈಗೆ ಸಿಗುವಂತೆಯೇ ಇರುತ್ತವೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅರ್ಥಿಂಗ್ ತಂತಿ ಸೇರಿಸಲೇಬೇಕು. ಈ ಭಾಗವನ್ನು ಬಲ್ಲ ಎಲೆಕ್ಟ್ರಿಷಿಯನ್‌ಗೆ ಬಿಡಿ.

‘ಎಂಸಿಬಿ ಇದೆಯಲ್ಲ, ಭಯವಿಲ್ಲ’: ಇದೂ ಸುಳ್ಳು

16 ಆಂಪಿಯರ್ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನ ಮೈಯಲ್ಲಿ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಪ್ರಾಣಾಪಾಯ. ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದು ವೈರ್ ಸುಡದಂತೆ ಕಾಯುತ್ತದೆ, ನಿಮ್ಮನ್ನಲ್ಲ. ನಿಮ್ಮನ್ನು ಕಾಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ದೀಪಕ್ಕೆ ಹಾಕುವ ದುಡ್ಡಿನಲ್ಲಿ ಮೊದಲ ಪಾಲು ಅದಕ್ಕಿರಲಿ.

ಗಣಪ ಬರುವುದು ಮಳೆಗಾಲದಲ್ಲಿ. ಒದ್ದೆ ನೆಲ, ತಗಡಿನ ಮಂಟಪ, ಕಬ್ಬಿಣದ ಕಮಾನು ಇರುವಲ್ಲಿ ಒಂದು ಸಿಪ್ಪೆ ಸುಲಿದ ವೈರ್ ಸಾಕು, ಇಡೀ ಮಂಟಪಕ್ಕೆ ಕರೆಂಟ್ ಹರಿಯಲು. ಕಂಬದ ತಂತಿಗೆ ಕೊಕ್ಕೆ ಹಾಕುವುದಂತೂ ಬೇಡವೇ ಬೇಡ. ಮಂಡಳಿಯವರು ತಾತ್ಕಾಲಿಕ ಸಂಪರ್ಕ ಪಡೆಯಿರಿ. ಗೋಕಾಕ, ಮೂಡಲಗಿ ಕಡೆಯವರು ಹೆಸ್ಕಾಂ ಕಚೇರಿಯಲ್ಲಿ ಕೇಳಬೇಕು. ಹೆಸ್ಕಾಂ ಸಹಾಯವಾಣಿ 1912. ಹುಕ್ಕೇರಿ ಭಾಗದಲ್ಲಿ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಅಲ್ಲಿಯವರು ಸಂಘದ ಕಚೇರಿಗೆ ಹೋಗಬೇಕು.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ 108ಕ್ಕೆ ಕರೆ ಮಾಡಿ.

ಹಾಡಿಗೆ ಕುಣಿಸುವುದು

ಇಎಸ್‌ಪಿ 32 ಬೋರ್ಡಿಗೆ ಪುಟ್ಟ ಮೈಕ್ ಜೋಡಿಸಿದರೆ ಡೊಳ್ಳಿನ ಪೆಟ್ಟಿಗೆ ದೀಪ ತಾನೇ ಸ್ಪಂದಿಸುತ್ತದೆ. ಹಾಡಿನ ಪ್ರತಿ ಕ್ಷಣಕ್ಕೂ ಇಂಥದೇ ಬಣ್ಣ ಬೇಕೆಂದರೆ ಎಕ್ಸ್‌ಲೈಟ್ಸ್ ಎಂಬ ಉಚಿತ ತಂತ್ರಾಂಶವಿದೆ, ಆದರೆ ಕಲಿಯಲು ತಾಳ್ಮೆ ಬೇಕು. ಅಮೆರಿಕದ ವಿಡಿಯೊಗಳಲ್ಲಿ ಹಾಡನ್ನು ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರಿನಿಂದ ಕಾರಿನ ರೇಡಿಯೊಗೆ ಕಳಿಸುವುದನ್ನು ನೋಡಿರಬಹುದು. ನಮ್ಮಲ್ಲಿ ಪರವಾನಗಿಯಿಲ್ಲದೆ ಹಾಗೆ ಪ್ರಸಾರ ಮಾಡುವಂತಿಲ್ಲ. ಧ್ವನಿವರ್ಧಕಕ್ಕೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ನಿರ್ಬಂಧವಿದೆ.

ಫಾರ್ವರ್ಡ್ ಮಾಡುವ ಮುನ್ನ

ಕಂಪ್ಯೂಟರಿನ ಕೆಲಸ ಒಂದು ಭಾನುವಾರದಲ್ಲಿ ಬಂದೀತು, ತಪ್ಪಾದರೆ ದೀಪ ಹತ್ತುವುದಿಲ್ಲ ಅಷ್ಟೇ. 230 ವೋಲ್ಟ್‌ನ ಕೆಲಸದಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಅವಕಾಶ ಸಿಗದಿರಬಹುದು. ಕುಣಿಯುವ ದೀಪದ ವಿಡಿಯೊ ಕಳಿಸುವಾಗ ಅದರ ಜೊತೆಗೆ ಇಷ್ಟನ್ನೂ ಕಳಿಸಿ: ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಬಣ್ಣ.