ನಿಸ್ಸಾನ್ ಪಾತ್‌ಫೈಂಡರ್: ಗೇರ್‌ಬಾಕ್ಸ್ ತೊಂದರೆ ಮತ್ತು ದುರಸ್ತಿಯ ಖರ್ಚು

ಜಪಾನಿನ ನಿಸ್ಸಾನ್ ಕಂಪನಿ ಅಮೆರಿಕದಲ್ಲಿ ಮಾರುವ ಮಧ್ಯಮ ಗಾತ್ರದ ಎಸ್‌ಯುವಿ ಪಾತ್‌ಫೈಂಡರ್. 1980ರ ದಶಕದಲ್ಲಿ ಬಂದ ಈ ವಾಹನದ ಎರಡು ತಲೆಮಾರುಗಳು ಗೇರ್‌ಬಾಕ್ಸ್ ಕೆಡುವುದಕ್ಕೆ ಹೆಸರಾದವು: 2005ರಿಂದ 2012ರವರೆಗಿನ ಮಾದರಿಗಳ ಮೂರನೆಯ ತಲೆಮಾರು ಮತ್ತು 2013ರಲ್ಲಿ ಶುರುವಾದ ನಾಲ್ಕನೆಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಇದರ ಗೇರ್‌ಬಾಕ್ಸೇ ಸರಿಯಿಲ್ಲ’ ಎನ್ನುವವರು ಬಹಳ. ಆ ಮಾತು ಅರ್ಧ ಮಾತ್ರ ಸರಿ. ಮೂರನೆಯ ತಲೆಮಾರಿನಲ್ಲಿ ಗೇರ್‌ಬಾಕ್ಸ್ ಹಾಳಾದದ್ದು ರೇಡಿಯೇಟರಿನ ದೆಸೆಯಿಂದ; ನಾಲ್ಕನೆಯದರಲ್ಲಿ ದೋಷ ಗೇರ್‌ಬಾಕ್ಸಿನೊಳಗೇ ಇತ್ತು. ಇದನ್ನು ಬಿಡಿಸಿ ನೋಡದೆ ರಿಪೇರಿಗೆ ಇಳಿದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಮೂರನೆಯ ತಲೆಮಾರಿನ ಹೆಚ್ಚಿನ ವಾಹನಗಳಿಗಿದ್ದದ್ದು 4.0 ಲೀಟರಿನ ವಿ6 ಎಂಜಿನ್ ಮತ್ತು ಐದು ಗೇರಿನ ಆಟೊಮ್ಯಾಟಿಕ್. ಈ ಗೇರ್‌ಬಾಕ್ಸಿನ ಆಯಿಲ್ ತಣ್ಣಗಾಗಲು ರೇಡಿಯೇಟರಿನ ಒಳಗೇ ಒಂದು ಸಣ್ಣ ಕೂಲರ್ ಇಟ್ಟಿದ್ದರು. ಒಳಗೆ ಆಯಿಲ್, ಸುತ್ತಲೂ ಎಂಜಿನ್ನಿನ ಕೂಲೆಂಟ್, ನಡುವೆ ತೆಳುವಾದ ಲೋಹದ ಗೋಡೆ. 2005ರಿಂದ 2010ರವರೆಗಿನ ಗಾಡಿಗಳಲ್ಲಿ ಈ ಕೂಲರ್ ಬಿರುಕು ಬಿಡುತ್ತಿತ್ತು. ಎಂಜಿನ್ ಆರಿಸಿದ ಮೇಲೂ ಬಿಸಿ ರೇಡಿಯೇಟರಿನಲ್ಲಿ ಒತ್ತಡ ಇದ್ದೇ ಇರುತ್ತದೆ. ಆಯಿಲಿನ ಒತ್ತಡ ಮಾತ್ರ ಇಳಿದಿರುತ್ತದೆ. ಹಾಗಾಗಿ ಕೂಲೆಂಟ್ ಬಿರುಕಿನಿಂದ ಆಯಿಲಿಗೆ ನುಸುಳುತ್ತದೆ. ಅದರಲ್ಲಿರುವ ನೀರು ಮತ್ತು ಗ್ಲೈಕಾಲ್ ಕ್ಲಚ್ ಪ್ಲೇಟಿನ ಕಾಗದದಂಥ ಪದರವನ್ನು ಉಬ್ಬಿಸಿ, ಅಂಟು ಬಿಡಿಸುತ್ತವೆ. ಗೇರ್ ಬದಲಿಸುವ ಎಲೆಕ್ಟ್ರಾನಿಕ್ ನಿಯಂತ್ರಕವೂ ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ ಅದಕ್ಕೂ ಉಳಿಗಾಲವಿಲ್ಲ. ಕೆಂಪಗೆ, ತಿಳಿಯಾಗಿ ಇರಬೇಕಾದ ಆಯಿಲ್ ಗುಲಾಬಿ ಬಣ್ಣದ ಹಾಲಿನಂತೆ ಕದಡಿರುತ್ತದೆ. ಅಮೆರಿಕದ ಮಾಲೀಕರು ಇದಕ್ಕೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಎಂದೇ ಹೆಸರಿಟ್ಟರು. ಓಡಿಸುವವರಿಗೆ ಮೊದಲು ತಿಳಿಯುವುದು ಅದುರುವಿಕೆ, ಆಮೇಲೆ ಗೇರ್ ಜಾರುವುದು.

ಲಕ್ಷ ಮೈಲಿ ಓಡಿದ ಗಾಡಿಯ ಗೇರ್‌ಬಾಕ್ಸ್ ಹೇಗೂ ಸವೆಯುವುದಿಲ್ಲವೇ, ರೇಡಿಯೇಟರನ್ನೇಕೆ ದೂರಬೇಕು ಎಂದು ಕೇಳಬಹುದು. ಸವೆತದಿಂದ ಆಯಿಲ್ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ; ಹಾಲಿನ ಬಣ್ಣಕ್ಕೆ ತಿರುಗುವುದಿಲ್ಲ. ಇದೇ ಗೇರ್‌ಬಾಕ್ಸನ್ನು ನಿಸ್ಸಾನಿನ ಇನ್ಫಿನಿಟಿ ಕಾರುಗಳಿಗೂ ಹಾಕಿದ್ದರು, ಅಲ್ಲಿ ಅದಕ್ಕೆ ಈ ಕೆಟ್ಟ ಹೆಸರು ಬರಲಿಲ್ಲ. ಆಯಿಲ್ ಬದಲಿಸಿದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಬಹಳ ಬೇಗ ಕಣ್ಣಿಗೆ ಬಿದ್ದರೆ ಮತ್ತೆ ಮತ್ತೆ ಆಯಿಲ್ ಬದಲಿಸಿ ಉಳಿಸಿಕೊಂಡವರಿದ್ದಾರೆ. ಆದರೆ ಟಾರ್ಕ್ ಕನ್ವರ್ಟರಿನಲ್ಲಿ ನಿಂತದ್ದು, ಪ್ಲೇಟುಗಳು ಹೀರಿಕೊಂಡದ್ದು ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ನಂಬಿ ಕೂರುವಂಥ ದಾರಿಯಲ್ಲ ಇದು.

ಖರ್ಚಿನ ಲೆಕ್ಕ ನೋಡಿದರೆ ಅನ್ಯಾಯ ಎದ್ದು ಕಾಣುತ್ತದೆ. ಹೊಸ ರೇಡಿಯೇಟರಿಗೆ ಕೆಲವು ನೂರು ಡಾಲರ್ ಸಾಕು. ಅದು ಕೆಡಿಸಿದ ಗೇರ್‌ಬಾಕ್ಸನ್ನು ಬದಲಿಸಲು ಹಲವು ಸಾವಿರ ಬೇಕು. ನಿಸ್ಸಾನ್ ಮೊದಲು ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ವಿಸ್ತರಿಸಿತು. ಮಾಲೀಕರು ಒಟ್ಟಾಗಿ ಹೂಡಿದ ದಾವೆ ರಾಜಿಯಲ್ಲಿ ಮುಗಿದಾಗ ಅದು 10 ವರ್ಷ ಅಥವಾ 1,00,000 ಮೈಲಿಗೆ ಏರಿತು. ಆದರೆ 80,000 ಮೈಲಿ ದಾಟಿದವರು 2,500 ಡಾಲರ್, 90,000 ದಾಟಿದವರು 3,000 ಡಾಲರ್ ಕೈಯಿಂದ ಕೊಡಬೇಕಿತ್ತು. ಬಿರುಕು ಬೇಗ ಬಿಟ್ಟವರಿಗೆ ಪುಕ್ಕಟೆ, ತಡವಾಗಿ ಬಿಟ್ಟವರಿಗೆ ದಂಡ. ತಯಾರಿಕೆಯ ದೋಷಕ್ಕೆ ಇದು ತಕ್ಕ ಪರಿಹಾರವಲ್ಲ. ಕೂಲರನ್ನು ಬಳಸದೆ ಬಿಟ್ಟು ಹೊರಗೆ ಬೇರೆ ಕೂಲರ್ ಹಾಕಿಸಿಕೊಂಡವರೂ ಇದ್ದಾರೆ. ಚಳಿ ಪ್ರದೇಶದಲ್ಲಿ ರೇಡಿಯೇಟರೇ ಆಯಿಲನ್ನು ಬೇಗ ಬೆಚ್ಚಗೆ ಮಾಡುತ್ತದೆ, ಆ ಅನುಕೂಲ ಆಗ ತಪ್ಪುತ್ತದೆ ಎಂಬ ಆಕ್ಷೇಪ ನಿಜವೇ. ಅಂಥವರು ಒಳ್ಳೆಯ ಹೊಸ ರೇಡಿಯೇಟರ್ ಹಾಕಿಸುವುದು ಮೇಲು.

2013ರ ಮಾದರಿಯಲ್ಲಿ ನಿಸ್ಸಾನ್ ಹಲ್ಲಿನ ಗೇರುಗಳನ್ನೇ ಕೈಬಿಟ್ಟು ಸಿವಿಟಿ ತಂದಿತು. ಎರಡು ರಾಟೆಗಳ ನಡುವೆ ಒಂದು ಲೋಹದ ಸರಪಳಿ ಆಯಿಲಿನ ಒತ್ತಡದ ಹಿಡಿತದಲ್ಲಿ ಓಡುತ್ತದೆ. ಹಿಡಿತ ಸಡಿಲಾದರೆ ಸರಪಳಿ ಜಾರಿ ಗಾಡಿ ಅದುರುತ್ತದೆ. ಪರಿಹಾರ ಹಂತಹಂತವಾಗಿ ಇತ್ತು: ಕೆಲವಕ್ಕೆ ಸಾಫ್ಟ್‌ವೇರ್ ಬದಲಾವಣೆ, ಕೆಲವಕ್ಕೆ ವಾಲ್ವ್ ಬಾಡಿ, ಉಳಿದವಕ್ಕೆ ಇಡೀ ಘಟಕ. ಮಾಲೀಕರು ಆಯಿಲ್ ಬದಲಿಸದೆ ಕೆಡಿಸಿಕೊಂಡರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆಯಿಲ್ ಹಳತಾಗುವ ಮೊದಲೇ, ಹೊಸ ಗಾಡಿಗಳಲ್ಲೇ ಅದುರು ಕಂಡಿತ್ತು. 5 ವರ್ಷ ಅಥವಾ 60,000 ಮೈಲಿಯ ವಾರಂಟಿಯನ್ನು ಕಂಪನಿ 7 ವರ್ಷ ಅಥವಾ 84,000 ಮೈಲಿಗೆ ಏರಿಸಿತು. 2022ರ ಹೊಸ ಪಾತ್‌ಫೈಂಡರಿನಲ್ಲಿ ಸಿವಿಟಿ ಇರಲಿಲ್ಲ, ಜರ್ಮನಿಯ ಝಡ್‌ಎಫ್ ಕಂಪನಿಯ ಒಂಬತ್ತು ಗೇರಿನ ಆಟೊಮ್ಯಾಟಿಕ್ ಇತ್ತು. ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕಿಲ್ಲ.

ಅಮೆರಿಕದಲ್ಲಿ 2005ರಿಂದ 2010ರ ನಡುವಿನ ಪಾತ್‌ಫೈಂಡರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರೇಡಿಯೇಟರ್ ಬದಲಿಸಿದ ಬಿಲ್ಲನ್ನು ಮೊದಲು ಕೇಳಬೇಕು. ಗೇರ್‌ಬಾಕ್ಸಿನ ಆಯಿಲ್ ನೋಡುವ ಕಡ್ಡಿಯನ್ನು 10 ಮಿ.ಮೀ. ಬೋಲ್ಟ್‌ನಿಂದ ಬಿಗಿದಿರುತ್ತಾರೆ. ಸ್ಪ್ಯಾನರ್ ಜೊತೆಗಿಟ್ಟುಕೊಂಡು ಹೋಗಿ, ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡಿ. ಗುಲಾಬಿ ಕಂಡರೆ ಆ ಗಾಡಿ ಬೇಡ.