ಎರವಲು ತಂದ ಉಪಗ್ರಹ

 

ಬಿತ್ತನೆಯ ಹದದಲ್ಲಿ ನೆರೆಯವರ ಜೋಡೆತ್ತು ಎರವಲು ತಂದು ಕೂರಿಗೆ ಹೂಡಿದವರು ನಿಮ್ಮಲ್ಲಿ ಇದ್ದೀರಿ. ಕೆಲಸವೇನೋ ಆಗುತ್ತದೆ. ಆದರೆ ಎತ್ತಿನ ಯಜಮಾನ ಬಂದು ‘ಇನ್ನು ನನಗೆ ಬೇಕಪ್ಪ’ ಅಂದರೆ ನೊಗ ಕಳಚಿ ಕೊಡಲೇಬೇಕು. ನಮ್ಮ ದೇಶ ಒಮ್ಮೆ ಉಪಗ್ರಹವನ್ನೇ ಹೀಗೆ ಎರವಲು ತಂದಿತ್ತು.

ಅದರ ಹೆಸರು ಎಟಿಎಸ್-6. ಅಮೆರಿಕದ ನಾಸಾ ಸಂಸ್ಥೆಯದು. ಅದನ್ನು ನಮ್ಮ ಹಳ್ಳಿಗಳ ಟೆಲಿವಿಷನ್ನಿಗೆ ಬಳಸುವ ಒಪ್ಪಂದ 1969ರಲ್ಲಿ ಆಯಿತು. ಅದಕ್ಕಾಗಿ ದುಡಿದ ವಿಕ್ರಮ್ ಸಾರಾಭಾಯಿಯವರು 1971ರಲ್ಲೇ ತೀರಿಕೊಂಡರು, ಫಲ ನೋಡಲಿಲ್ಲ. 1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು ಆರಿಸಿದ್ದರು. ಬೆಂಗಳೂರಿಗೇ ಇನ್ನೂ ಟೆಲಿವಿಷನ್ ಕೇಂದ್ರ ಬಂದಿರಲಿಲ್ಲ, ನೋಡಿ!

ಉಪಗ್ರಹವೇ ಯಾಕೆ ಬೇಕಿತ್ತು ಅಂತೀರಾ? ನೆಲದ ಮೇಲಿನ ಗೋಪುರದ ಪ್ರಸಾರ ಕೆಲವು ಹರದಾರಿ ಹೋದರೆ ಮುಗಿಯಿತು. ಉಪಗ್ರಹವಾದರೋ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ಒಂದೇ ಕಡೆ ನಿಂತ ಹಾಗೆ ಇರುತ್ತದೆ. ಗುಡ್ಡ, ಹಳ್ಳ, ಎರೆ ಭೂಮಿ ಯಾವುದೂ ಅದಕ್ಕೆ ಅಡ್ಡವಲ್ಲ. ಹಳ್ಳಿಯಲ್ಲಿ ಬೇಕಾದದ್ದು ಆ ಕಡೆಗೆ ಮುಖ ಮಾಡಿದ, 10 ಅಡಿ ಅಗಲದ ಒಂದು ಬೋಗುಣಿ. ಅದನ್ನು ಮಾಡಿದ್ದು ಏತರಿಂದ ಗೊತ್ತೆ? ಕೋಳಿಗೂಡಿಗೆ ಬಿಗಿಯುವ ತಂತಿ ಬಲೆಯಿಂದ! ಕರೆಂಟಿಲ್ಲದ ಕಡೆ ಬ್ಯಾಟರಿ ಇಟ್ಟರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಒಂದಿಷ್ಟು ಹಾಡು ಕುಣಿತ.

1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡರು. ಬೋಗುಣಿ ಬರಿದಾಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಬಂತು, ಸರಿ. ಆದರೆ ಅದು ಮುಟ್ಟಿದ್ದು ಸುತ್ತಿನ ಹಳ್ಳಿಗಳನ್ನಷ್ಟೇ. 1982ರ ಮೊದಲ ಇನ್ಸಾಟ್ ಕೆಲವೇ ತಿಂಗಳಲ್ಲಿ ಕೆಟ್ಟಿತು. 1983ರ ಇನ್ಸಾಟ್-1ಬಿ ನಿಂತಿತು. ಕಟ್ಟಿದ್ದು ಅಮೆರಿಕದಲ್ಲೇ ಆದರೂ ಯಜಮಾನಿಕೆ ನಮ್ಮದು.

ನನಗೆ ದೊಡ್ಡದೆನಿಸುವ ಕೊರತೆ ಮಾತ್ರ ಬೇರೆ. ಆ ಪೆಟ್ಟಿಗೆ ಹೇಳುತ್ತಿತ್ತು, ಕೇಳುತ್ತಿರಲಿಲ್ಲ. ಜೋಳದ ರೋಗದ ಮಾತು ಬಂದಾಗ ‘ನನ್ನ ಹೊಲದಲ್ಲಿ ಹೀಗಾಗಿದೆ, ಏನು ಮಾಡಲಿ?’ ಎಂದು ಕೇಳಲು ದಾರಿಯಿರಲಿಲ್ಲ. ಈಗಿನ ಉಪಗ್ರಹ ಇಂಟರ್ನೆಟ್ಟಿನಲ್ಲಿ ಬೋಗುಣಿ ಮಾತನ್ನು ಮೇಲಕ್ಕೂ ಕಳಿಸುತ್ತದೆ. ರೋಗ ತಗುಲಿದ ಎಲೆಯ ಪಟ ಹೋಗಿ ಉತ್ತರ ಬರಬಹುದು. ಇಂಥ ಕೆಲಸಕ್ಕೆಂದು 2018ರ ಡಿಸೆಂಬರಿನಲ್ಲಿ ಇಸ್ರೋ ಸಂಸ್ಥೆಯ ಜಿಸ್ಯಾಟ್-11 ಏರಿತು; ತೂಕ 5,854 ಕಿಲೋ. ಅಷ್ಟು ಭಾರ ಹೊರುವ ರಾಕೆಟ್ ನಮ್ಮಲ್ಲಿ ಆಗ ಇರಲಿಲ್ಲ, ಯೂರೋಪಿನದನ್ನು ಬಾಡಿಗೆಗೆ ಹಿಡಿಯಬೇಕಾಯಿತು.

ಈಚೆಗೆ ಹೊರದೇಶದ ಕಂಪನಿಯೊಂದು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸಾವಿರಾರು ಸಣ್ಣ ಉಪಗ್ರಹಗಳನ್ನು ಬಿಟ್ಟಿದೆ. ದಾರಿ ಹತ್ತಿರ, ಉತ್ತರ ಬೇಗ. ನಿಮ್ಮ ಪಂಚಾಯಿತಿಗೆ ಯಾರಾದರೂ ಬೋಗುಣಿ ತಂದು ನಿಲ್ಲಿಸಿದರೆ ಬೇಡವೆನ್ನಬೇಡಿ. ಎಷ್ಟು ವರ್ಷಕ್ಕೆ, ತಿಂಗಳಿಗೆ ಬಾಡಿಗೆ ಎಷ್ಟು, ಕೆಟ್ಟರೆ ಯಾರು ಬರುತ್ತಾರೆ ಎಂಬುದನ್ನು ಅವತ್ತೇ ಕೇಳಿ ಬರೆಸಿಕೊಳ್ಳಿ.