ದಾರಿಹೋಕರ ಋಣ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟವರಿಗೆ ತಡಸ ಒಂದು ಕವಲು. ಇಲ್ಲಿಂದ ಒಂದು ದಾರಿ ಮುಂಡಗೋಡದ ಮೂಲಕ ಶಿರಸಿಗೆ ತಿರುಗುತ್ತದೆ. ಹೆದ್ದಾರಿ ಶಿಗ್ಗಾವಿ, ಬಂಕಾಪುರಗಳ ಮಗ್ಗುಲಲ್ಲಿ ಹಾವೇರಿಗೆ ಸಾಗುತ್ತದೆ. ರವಿವಾರ ಬಂತೆಂದರೆ ಈ ಕವಲಿನಲ್ಲಿ ಕಾರುಗಳ ಸಾಲು. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ವಸತಿಯನ್ನು ನೋಡಲು ಹೊರಟವರು ಕೆಲವರು, ಅತ್ತಿವೇರಿಯ ಪಕ್ಷಿಧಾಮಕ್ಕೆ, ಬನವಾಸಿಗೆ, ಶಿರಸಿಯ ಮಾರಿಕಾಂಬೆಗೆ ಹೊರಟವರು ಇನ್ನು ಕೆಲವರು. ನಮ್ಮ ನಾಡನ್ನು ನೋಡಬೇಕೆಂಬ ಹಂಬಲ ಜನರಲ್ಲಿ ಹೆಚ್ಚಿರುವುದು ಸಂತೋಷದ ಸಂಗತಿಯೇ. ಆದರೆ ನೋಡಲು ಬಂದವನಿಗೂ ನೋಡಿಸಿಕೊಳ್ಳುವ ಸ್ಥಳಕ್ಕೂ ನಡುವೆ ಇರುವ ಸಂಬಂಧವೇನು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ವಿಶ್ವಸಂಸ್ಥೆಯು 2017ನೆಯ ಇಸವಿಯನ್ನು ಸುಸ್ಥಿರ ಪ್ರವಾಸೋದ್ಯಮದ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. ಆ ದೊಡ್ಡ ಮಾತು ಅಲ್ಲಿರಲಿ; ನಮ್ಮ ದಾರಿಯ ಬದಿಯ ಬಂಕಾಪುರವೊಂದನ್ನೇ ಹಿಡಿದು ನೋಡೋಣ.

ಚಕ್ಕಡಿ ಕಟ್ಟಿಕೊಂಡು ಪರಸೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಪ್ರವಾಸಿಗರೆಂಬ ಹೆಸರಿನವರಲ್ಲ, ದಾರಿಹೋಕರು. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಮುತ್ತುಗದ ಎಲೆಯ ಪತ್ರಾವಳಿ, ನೀರಿಗೊಂದು ತಂಬಿಗೆ ಇಷ್ಟೇ ಅವರ ಸರಂಜಾಮು. ಉಂಡೆದ್ದ ಮೇಲೆ ಉಳಿದದ್ದನ್ನು ಎತ್ತು ತಿನ್ನುತ್ತಿತ್ತು ಅಥವಾ ಮಣ್ಣು ತಿನ್ನುತ್ತಿತ್ತು. ಅವರೆಲ್ಲ ನಮಗಿಂತ ಗುಣವಂತರೆಂದು ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿ ಪ್ಲಾಸ್ಟಿಕ್ಕಿನ ಬಾಟಲಿ ಇರಲಿಲ್ಲ, ಅಷ್ಟೇ. ಆದರೆ ಒಂದು ಮಾತು ಗಮನಿಸಬೇಕು. ಅವರ ಪ್ರಯಾಣವು ಬೇರೆಯವರ ದಾನದ ಮೇಲೆ ನಡೆಯುತ್ತಿತ್ತು. ಕೆರೆ, ಬಾವಿ, ಛತ್ರ, ಬೇಸಿಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ಎಲ್ಲವೂ ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಕನ್ನಡದ ಶಾಸನಗಳಲ್ಲಿ ಇಂಥ ದತ್ತಿಗಳ ವಿವರ ಹೇರಳವಾಗಿದೆ. ಅನೇಕ ಶಾಸನಗಳ ಕೊನೆಗೆ ಈ ಧರ್ಮವನ್ನು ಕಾಯ್ದವರಿಗೆ ಪುಣ್ಯವನ್ನೂ, ಕೆಡಿಸಿದವರಿಗೆ ಕಾಶಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆಗಳನ್ನು ಕೊಂದ ಪಾಪವನ್ನೂ ಸಾರಿರುತ್ತಾರೆ. ಮಾಡುವುದು ಒಬ್ಬನ ಕೆಲಸ, ಕಾಯುವುದು ಮುಂದೆ ಬರುವವರೆಲ್ಲರ ಕೆಲಸ ಎಂಬ ತಿಳಿವಳಿಕೆ ಆ ಕಲ್ಲುಗಳಲ್ಲಿದೆ.

ಬಂಕಾಪುರವಂತೂ ಸಾವಿರ ವರ್ಷಗಳಿಗೂ ಮಿಕ್ಕಿ ದಾರಿಹೋಕರನ್ನು ಕಂಡ ಊರು. ರಾಷ್ಟ್ರಕೂಟರ ಸಾಮಂತ ಲೋಕಾದಿತ್ಯನು ತನ್ನ ತಂದೆ ಬಂಕೆಯನ ಹೆಸರನ್ನು ಈ ಊರಿಗೆ ಇಟ್ಟನು. ಗುಣಭದ್ರರ ಉತ್ತರಪುರಾಣವು ಕ್ರಿ.ಶ. 898ರ ವೇಳೆಗೆ ಇಲ್ಲಿ ಪೂಜೆಗೊಂಡಿತು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, 974ರ ಸುಮಾರಿಗೆ ಇಲ್ಲಿಯೇ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಚಾಲುಕ್ಯರು, ಹಾನಗಲ್ಲಿನ ಕದಂಬರು ಆಳಿ ಹೋದರು. 1570ರ ದಶಕದಲ್ಲಿ ವಿಜಾಪುರದ ಅಲಿ ಆದಿಲ್ ಶಾಹನ ಸೈನ್ಯ ಕೋಟೆಯನ್ನು ಬಹುಕಾಲ ಮುತ್ತಿ ಗೆದ್ದುಕೊಂಡಿತು. ಇಷ್ಟೆಲ್ಲದರ ನಡುವೆಯೂ ಕೋಟೆಯೊಳಗೆ ನಗರೇಶ್ವರನ ಗುಡಿ ಉಳಿದುಕೊಂಡಿದೆ. ಜನ ಇದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿ ನಿಂತಿರುವ ಅದರ ವಿಶಾಲ ಮಂಟಪದಲ್ಲಿ ತಿರುಗಣೆಯಲ್ಲಿ ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ.

ಈ ಕಂಬಗಳ ಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲನ್ನು. ಇದು ಗಣಿಯಿಂದ ಬಂದಾಗ ಮೃದು. ಆದ್ದರಿಂದಲೇ ಬಳೆಯಂಥ ಉಂಗುರಗಳನ್ನೂ ಗಂಟೆಯಂಥ ಆಕೃತಿಗಳನ್ನೂ ಅದರಲ್ಲಿ ತಿರುಗಿಸಿ ತೆಗೆಯಲು ಸಾಧ್ಯವಾಯಿತು. ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ಏಳನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಒಬ್ಬ ಹುಡುಗ ಕಂಬವನ್ನು ಸವರಿ, "ಸರ್ರ, ಇದು ನಮ್ಮ ಪಾಟಿ ಮ್ಯಾಲೆ ಬರಿಯೋ ಬಳಪದ ಕಲ್ಲ ಅಲ್ರಿ?" ಎಂದು ಕೇಳಿದ. ಹೌದಪ್ಪಾ ಎಂದೆ. "ಹಂಗಾರ ಇದರ ಮ್ಯಾಲೆ ಬರೀಲಿಕ್ಕೆ ಬರ್ತೈತೇನ್ರಿ?" ಎಂದು ಮರುಪ್ರಶ್ನೆ ಬಂತು. "ಬರ್ತೈತಿ, ಅದಕ್ಕ ಬರೀಬಾರದು" ಎಂದು ಉತ್ತರಿಸಿದೆ. ಮಕ್ಕಳೆಲ್ಲ ನಕ್ಕರು, ಆದರೆ ಆಮೇಲೆ ಯಾರೂ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಈ ಸೀಮೆಯ ಎಷ್ಟೋ ಗುಡಿಗಳಲ್ಲಿ ಮೊಳೆಯಿಂದ ಗೀಚಿದ ಹೆಸರುಗಳನ್ನೂ ಬಾಣ ಹೊಡೆದ ಹೃದಯಗಳನ್ನೂ ಕಂಡಿದ್ದೇನೆ. ಅವನ್ನು ಬರೆದವರು ನಿರಕ್ಷರಿಗಳಲ್ಲವಷ್ಟೇ! ಯಾವುದೋ ಶಾಲೆಯಲ್ಲಿ ನನ್ನಂಥ ಯಾರೋ ಅವರಿಗೆ ಅಕ್ಷರ ಕಲಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಾಂತ್ಯಕ್ಕೆ ಬಂದ ಕೆಲವರು ಇನ್ನೊಂದು ರೀತಿಯಲ್ಲಿ ನೋಡಿದರು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ನೂರಾರು ಶಾಸನಗಳ ಪಾಠಗಳನ್ನು ಕೈಯಿಂದ ಪ್ರತಿ ಮಾಡಿಸಿದನು. ವೈದ್ಯನಾಗಿದ್ದ ಪಿಗೌ 1850ರ ದಶಕದಲ್ಲಿ ತನ್ನ ಭಾರವಾದ ಕ್ಯಾಮೆರಾವನ್ನು ಹೊತ್ತು ಧಾರವಾಡ ಸೀಮೆಯ ಗುಡಿಗಳ ಛಾಯಾಚಿತ್ರ ತೆಗೆದನು. ಅವು ಅವನ ಮರಣಾನಂತರ 1866ರಲ್ಲಿ ಲಂಡನ್ನಿನಲ್ಲಿ ಮೆಡೋಸ್ ಟೇಲರನ ಬರಹದೊಂದಿಗೆ ಗ್ರಂಥವಾಗಿ ಬಂದವು. ಶಾಸನದ ಅಚ್ಚು ತೆಗೆಯುವವರ ಕ್ರಮವನ್ನು ನೋಡಿ: ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಬ್ರಷ್ಷಿನಿಂದ ಮೆಲ್ಲನೆ ತಟ್ಟಿ, ಕಾಗದದ ಮೇಲಷ್ಟೇ ಮಸಿ ಹಚ್ಚುತ್ತಾರೆ. ಅಕ್ಷರ ಅವರ ಜೊತೆಗೆ ಹೋಗುತ್ತದೆ, ಕಲ್ಲು ಇದ್ದಂತೆಯೇ ಇರುತ್ತದೆ. ನಮ್ಮವರು ಓದುವ ಆತುರದಲ್ಲಿ ಎಣ್ಣೆ ಸವರುವುದೂ ಸುಣ್ಣ ತಿಕ್ಕುವುದೂ ಉಂಟು. ಅದರ ಅಗತ್ಯವೇ ಇಲ್ಲ. ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ತಾವಾಗಿ ಎದ್ದು ಕಾಣುತ್ತವೆ.

ಇನ್ನು ನವಿಲುಗಳ ಕಥೆ. ಬಂಕಾಪುರದ ಕೋಟೆಯೊಳಗಿನ ಭೂಮಿಯಲ್ಲಿ ಬಹುಕಾಲದಿಂದ ಸರ್ಕಾರದ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. 139 ಎಕರೆಯ ಈ ಆವರಣದಲ್ಲಿ ದನಗಳಿಗೆಂದು ಮೇವು ಬೆಳೆದರು. ಕಂದಕದಲ್ಲಿ ಗಿಡಗಂಟಿ ದಟ್ಟವಾಯಿತು. ಮೇವಿನ ಹೊಲದಲ್ಲಿ ಕಾಳು, ಹುಳುಹುಪ್ಪಡಿ, ಕಂದಕದಲ್ಲಿ ಅಡಗುತಾಣ. ನವಿಲಿಗೆ ಇನ್ನೇನು ಬೇಕು? ಯಾರೂ ಕರೆಯದೆಯೇ ಬಂದವು, ಬೆಳೆದವು. 2006ರಲ್ಲಿ ಸರ್ಕಾರ ಇದನ್ನು ನವಿಲುಧಾಮವೆಂದು ಘೋಷಿಸಿತು. ನಾವು ಪ್ರವಾಸಿಗರು ಮರೆಯಬಾರದ ಸಂಗತಿ ಇಲ್ಲಿದೆ. ಈ ಪಕ್ಷಿಗಳನ್ನು ಉಳಿಸಿದ್ದು ನಮ್ಮ ಮೆಚ್ಚುಗೆಯಲ್ಲ. ಹುಲ್ಲು ಕೊಯ್ಯುವ, ದನ ಕಾಯುವ ಆಳುಗಳ ದಿನದ ಕೆಲಸ, ಮತ್ತು ಅಲ್ಲಿ ನಮ್ಮಂಥವರ ಗದ್ದಲ ಇಲ್ಲದಿದ್ದುದು. ಹೆಣ್ಣು ನವಿಲು ಮಳೆಗಾಲದ ತಿಂಗಳುಗಳಲ್ಲಿ ನೆಲದ ಮೇಲೆಯೇ ಪೊದೆಯ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಗಂಡು ಗರಿಗೆದರುವುದೂ ಅದೇ ಕಾಲಕ್ಕೆ, ಜನ ನೋಡಲು ಹಾತೊರೆಯುವುದೂ ಅದೇ ಕಾಲಕ್ಕೆ. ಚಿತ್ರಕ್ಕಾಗಿ ಪೊದೆಗೆ ನುಗ್ಗಿದವನು ಕಾಣದೆ ತುಳಿಯುವುದೇನೆಂದು ಯೋಚಿಸಬೇಕು.

ಸ್ಥಳವೊಂದು ನೋಡುಗರಿಂದಲೇ ಕೆಡುವುದುಂಟೇ ಎಂದು ಸಂಶಯಪಡುವವರಿಗೆ ಫ್ರಾನ್ಸಿನ ಲಾಸ್ಕೋ ಗುಹೆಯ ಉದಾಹರಣೆ ಸಾಕು. 1940ರಲ್ಲಿ ಪತ್ತೆಯಾದ ಆ ಗುಹೆಯ ಆದಿಮಾನವರ ಚಿತ್ರಗಳನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದರು. ಯಾರೂ ಗೀಚಬೇಕಾಗಲಿಲ್ಲ, ಸಾವಿರಾರು ಜನರ ಉಸಿರಿನ ತೇವಕ್ಕೇ ಗೋಡೆಗಳು ಕೆಡತೊಡಗಿ, 1963ರಲ್ಲಿ ಬಾಗಿಲು ಹಾಕಬೇಕಾಯಿತು. ನಮ್ಮ ಹಂಪಿಯಲ್ಲಿ ನಡೆದದ್ದು ಉಸಿರಿನ ಮಾತಲ್ಲ. ಕೆಲವು ತರುಣರು ಗುಡಿಯ ಕಂಬವನ್ನು ತಳ್ಳಿ ಕೆಡವಿದ ದೃಶ್ಯವನ್ನು 2019ರ ಫೆಬ್ರವರಿಯಲ್ಲಿ ದೇಶವೆಲ್ಲ ಮೊಬೈಲಿನಲ್ಲಿ ನೋಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು; ಬಿದ್ದ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಕವಿಲೆಯ ಪಾಪಕ್ಕಿಂತ ಈ ಶಿಕ್ಷೆ ನನಗೆ ಹೆಚ್ಚು ಹಿಡಿಸಿತು. 1904ರಲ್ಲಿ ಮೊದಲ ಸ್ಮಾರಕ ಸಂರಕ್ಷಣಾ ಕಾಯ್ದೆ ಬಂತು, 1958ರಲ್ಲಿ ಈಗಿನದು. 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದರೆ ಎರಡು ವರ್ಷದವರೆಗೆ ಸೆರೆಮನೆ, ಒಂದು ಲಕ್ಷದವರೆಗೆ ದಂಡ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ನಿರ್ಜನವಾದ ಮಂಟಪದಲ್ಲಿ ಒಂದು ಮೊಳೆ ಹಿಡಿದು ನಿಂತವನ ಎದುರಿಗೆ ಕಾಯ್ದೆಯ ಪುಸ್ತಕ ಇರುವುದಿಲ್ಲ.

ನೆರೆಯ ಸವಣೂರಿನ ದೊಡ್ಡಹುಣಸೆ ಮರಗಳ ಮಾತನ್ನೂ ಇಲ್ಲಿ ಹೇಳಬೇಕು. ಆಫ್ರಿಕಾ ಮೂಲದ ಈ ವೃಕ್ಷಗಳು ಮೂರು ಇದ್ದವು. ಹತ್ತು ಹನ್ನೆರಡು ಮಕ್ಕಳು ಕೈಕೈ ಹಿಡಿದರೆ ಒಂದರ ಸುತ್ತಳತೆ. 2023ರ ಜುಲೈಯಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಅದನ್ನು ಮತ್ತೆ ನೆಟ್ಟು ಬದುಕಿಸುವ ಪ್ರಯತ್ನ ನಡೆಯಿತು. ಉರುಳಿದ ಮೇಲೆ ನೋಡಲು ಬಂದವರ ಸಂಖ್ಯೆಯ ಅರ್ಧದಷ್ಟು ಜನ ನಿಂತಿದ್ದಾಗ ಬಂದಿದ್ದರೆ ಎಂದು ಅನ್ನಿಸಿದ್ದುಂಟು. ಮರುಗಳಿಗೆಯೇ, ಅಷ್ಟು ಜನ ಅದರ ಬೇರನ್ನು ತುಳಿದಿದ್ದರೆ ಏನಾಗುತ್ತಿತ್ತೋ ಎಂದೂ ಅನ್ನಿಸಿತು.

ನೆಂಟರು ಬಂಕಾಪುರಕ್ಕೆ ಹೇಗೆ ಹೋಗಬೇಕೆಂದು ಕೇಳಿದರೆ ನಾನು ಹೇಳುವುದು ಇಷ್ಟು. ಕಾಲ ಚಳಿಗಾಲದ್ದಾಗಲಿ, ಮೊಟ್ಟೆಯ ಕಾಲ ಆಗ ಮುಗಿದಿರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಏಕೆಂದರೆ ನವಿಲು ಮೇಯಲು ಹೊರಬರುವುದು ಬೆಳಿಗ್ಗೆ ಮತ್ತು ಸಂಜೆ. ಕಾಯುವವನನ್ನು ಮಾತನಾಡಿಸಿ, ಅನುಮತಿ ಕೇಳಿ, ಅವನು ಬೇಡವೆಂದ ಕಡೆಗೆ ಹೋಗಬೇಡಿ. ಗಾಡಿಯನ್ನು ಕೋಟೆಯ ಹೊರಗೆ ಬಿಟ್ಟು ನಡೆಯಿರಿ. ಬುತ್ತಿಯನ್ನು ಗುಡಿಯಲ್ಲಿ ಬಿಚ್ಚದೆ ಸವಣೂರಿಗೆ ಹೋಗಿ ಉಣ್ಣಿ. ಅಲ್ಲಿಯ ಖಾರವನ್ನೂ ವೀಳ್ಯದೆಲೆಯನ್ನೂ ಕೊಳ್ಳಿ. ಎಲೆ ಬೆಳೆಯುವವನಿಗೆ ನಾಲ್ಕು ಕಾಸು ಸಿಗಲಿ. ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಂಗಳೂರಿಗೆ ಒಯ್ದರೂ ಬಾಡುವುದಿಲ್ಲ.